ಕೈ ಮುಟ್ಟದೆ ಕಟ್ಟಿಸಿದ ಜಗಲಿ

ಫ್ಲೋರಿಡಾದ ಮಲೆಟ್ ಕ್ರೀಕ್ ಊರಿನಲ್ಲಿ ಇಸವಿ ನೋಡಿ ವರ್ಷ ಹೇಳುವವರು ಬ್ಯಾಂಕಿನವರು ಮಾತ್ರ. ಉಳಿದವರಿಗೆಲ್ಲ ಚಂಡಮಾರುತದ ಹೆಸರೇ ಪಂಚಾಂಗ. ಮಗಳು ಹುಟ್ಟಿದ್ದು ಇರ್ಮಾದ ಹಿಂದಿನ ವರ್ಷ, ಅತ್ತೆ ಸತ್ತದ್ದು ಇಯಾನ್ ಬಂದ ವಾರ, ಹೀಗೆ. ಆ ಪಂಚಾಂಗದ ಪ್ರಕಾರ ಒಲೀಟಾ ವಿಡನ್ ಅಲ್ಯೂಮಿನಿಯಂ ಕೆಲಸಕ್ಕೆ ಸೇರಿದ್ದು ಚಾರ್ಲಿ ಬಂದ ವರ್ಷ. ಅದಕ್ಕೆ ಮುಂಚೆ ಅವಳು ಸೇತುವೆಯ ಕೆಳಗಿನ ಹೋಟೆಲಿನಲ್ಲಿ ಮೀನು ಕರಿಯುತ್ತಿದ್ದಳು. ಚಾರ್ಲಿ ಬಂದು ಹೋಟೆಲನ್ನು ಹೊತ್ತುಕೊಂಡು ಹೋಯಿತು, ಬಾಣಲೆ ಮಾತ್ರ ಉಳಿಯಿತು. ಗಂಡ ಅದಕ್ಕೂ ಮೊದಲೇ ಹೋಗಿದ್ದ. ಅವನನ್ನು ಹೊತ್ತುಕೊಂಡು ಹೋಗಲು ಗಾಳಿ ಬೇಕಾಗಿರಲಿಲ್ಲ, ಟ್ಯಾಂಪಾದ ಒಬ್ಬ ಹೇರ್ ಡ್ರೆಸ್ಸರ್ ಸಾಕಾಗಿದ್ದಳು.

ಆ ವರ್ಷ ಅಲ್ಯೂಮಿನಿಯಂ ಚೌಕಟ್ಟಿಗೆ ಜಾಲರಿ ಕಟ್ಟಿದ ಊರಿನ ಅರ್ಧ ಜಗಲಿಗಳು, ಈಜುಕೊಳಗಳ ಮೇಲಿನ ಜಾಲರಿ ಪಂಜರಗಳು, ಕಾರು ನಿಲ್ಲಿಸುವ ಚಪ್ಪರಗಳು ಮುದುಡಿದ ಕಾಗದದಂತೆ ರಸ್ತೆಯಲ್ಲಿ ಬಿದ್ದಿದ್ದವು. ಅಲ್ಯೂಮಿನಿಯಂ ಕಂಟ್ರಾಕ್ಟರ್ ಹಾರ್ಲನ್ ಪರ್ವಿಸ್ ಕೈಕಾಲಿದ್ದವರನ್ನೆಲ್ಲ ಕೆಲಸಕ್ಕೆ ಕರೆದ. ಒಲೀಟಾಗೆ ಆಗ ಇಪ್ಪತ್ತೇಳು. ಮೊದಲ ದಿನ ಅವಳ ಕೈಗೆ ಒಂದು ಸಣ್ಣ ಉರುಳೆ ಕೊಟ್ಟು, ಜಾಲರಿಯ ಅಂಚನ್ನು ರಬ್ಬರ್ ದಾರದ ಜೊತೆ ಚೌಕಟ್ಟಿನ ಸಂದಿಯೊಳಗೆ ಒತ್ತಿ ಕೂರಿಸಲು ಹೇಳಿದ. ಸಂಜೆ ಬಂದು ಬೆರಳಿನಿಂದ ಜಾಲರಿಯನ್ನು ಮೀಟಿ ನೋಡಿದ. ತಮಟೆಯ ಹಾಗೆ ಬಿಗಿಯಾಗಿತ್ತು. ಹಾರ್ಲನ್ ಹೊಗಳುವ ಜಾತಿಯವನಲ್ಲ. "ನಾಳೆ ಆರು ಗಂಟೆಗೆ ಬಾ" ಎಂದ, ಅಷ್ಟೇ.

ಹೀಗೆ ಇಪ್ಪತ್ತು ವರ್ಷ ಆರು ಗಂಟೆಗೆ ಹೋದಳು. ಐದನೆಯ ವರ್ಷಕ್ಕೆ ಮೇಸ್ತ್ರಿಯಾದಳು. ಹತ್ತನೆಯ ವರ್ಷಕ್ಕೆ ಹಾರ್ಲನ್ ಟ್ರಕ್ಕಿನಿಂದ ಇಳಿಯುವುದನ್ನೇ ಬಿಟ್ಟ. ಒಳಗೇ ಕುಳಿತು ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತ, ಕಿಟಕಿಯಿಂದ ಒಂದು ಬೆರಳು ತೋರಿಸಿದರೆ ಅದೇ ಮೇಲುಸ್ತುವಾರಿ. ಅಳತೆ ಅವಳದು, ಕಂಬ ಅವಳದು, ಬೈಗುಳ ಕೇಳುವ ಕಿವಿ ಅವಳದು. ಆದರೆ ಕಟ್ಟಡದ ಪರ್ಮಿಟ್ ಕಾರ್ಡಿನ ಮೇಲಿನ ಹೆಸರು ಹಾರ್ಲನ್‌ದು, ಏಕೆಂದರೆ ಲೈಸನ್ಸ್ ಇದ್ದದ್ದು ಅವನಿಗೆ. ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕಾಗದ ನೋಡಿದವರಿಗೆ ಆರುನೂರು ಜಗಲಿಗಳನ್ನು ಕಟ್ಟಿದವನು ಕಡಲೆಕಾಯಿ ತಿನ್ನುತ್ತಿದ್ದವನೇ.

ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಆದರೆ ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಪರೀಕ್ಷೆ ಎಂಬ ಪದ ಕೇಳಿದರೆ ಮಾತು ಬದಲಿಸುತ್ತಿದ್ದಳು. ಹಾರ್ಲನ್ ಹೃದಯ ನಿಂತು ಸತ್ತ ಮೇಲೆ, ಅವನ ಮಗ ಕಂಪನಿಯನ್ನು ಹೊರರಾಜ್ಯದವರಿಗೆ ಮಾರಿದ ಮೇಲೆ, ಅವಳು ಮೊದಲ ಸಲ ಪುಸ್ತಕ ಬಿಚ್ಚಿದಳು. ಪುಸ್ತಕ ನೋಡಿಯೇ ಬರೆಯಬಹುದಾದ ಪರೀಕ್ಷೆ ಅದು. ಪುಟಗಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಿಕೊಂಡು ಹೋಗಬಹುದು. ಚೀಟಿ ಎಷ್ಟು ಅಂಟಿಸಿದಳೆಂದರೆ ಪುಸ್ತಕ ಮುಚ್ಚುತ್ತಲೇ ಇರಲಿಲ್ಲ. ಕೆಲಸದ ಭಾಗದಲ್ಲಿ ನೂರಕ್ಕೆ ತೊಂಬತ್ತಾರು ಬಂತು. ವ್ಯಾಪಾರ ಮತ್ತು ಕಾನೂನಿನ ಭಾಗದಲ್ಲಿ ಎರಡು ಸಲ ಡುಮ್ಕಿ. ಮೂರನೆಯ ಸಲ ಪಾಸು. ಆ ದಿನ ಅವಳು ಕಾರಿನಲ್ಲಿ ಒಬ್ಬಳೇ ಕುಳಿತು ಹಾರನ್ ಒತ್ತಿದಳು, ಪಾರ್ಕಿಂಗಿನ ಜನ ತಿರುಗಿ ನೋಡುವಷ್ಟು ಹೊತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಹೆಸರು ಟ್ರೆಂಟ್ ಲಾಸ್ಕರ್. ಕಂಪನಿಯ ಹೊಸ ಮ್ಯಾನೇಜರ್. ಲೈಸನ್ಸಿಗೆ ಪರೀಕ್ಷೆಯ ಜೊತೆ ಇನ್ನೊಂದು ಕಾಗದ ಬೇಕಿತ್ತು. ನಾಲ್ಕು ವರ್ಷ ಈ ಕೆಲಸ ಮಾಡಿದ್ದಾಳೆ, ಅದರಲ್ಲಿ ಒಂದು ವರ್ಷವಾದರೂ ಮೇಸ್ತ್ರಿಯಾಗಿ, ಎಂದು ಕೆಲಸ ಕೊಟ್ಟವರು ಪ್ರಮಾಣ ಮಾಡಿ ಬರೆದುಕೊಡಬೇಕು. ಒಲೀಟಾ ಆ ಫಾರಂ ಹಿಡಿದು ಲಾಸ್ಕರ್ ಮುಂದೆ ಕುಳಿತಳು.

"ನಮ್ಮ ಫೈಲಲ್ಲಿ ನೀವು ಬರೀ ಹೆಲ್ಪರ್ ಅಂತಿದೆ ಮಿಸ್ ವಿಡನ್," ಎಂದ ಅವನು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಪರ್ಮಿಟ್ ಎಲ್ಲಾ ಹಾರ್ಲನ್ ಹೆಸರಲ್ಲಿದೆ. ಇಲ್ಲದೇ ಇರೋದನ್ನ ನಾನ್ ಹೇಗೆ ಬರ್ಕೊಡ್ಲಿ?"

"ಇಪ್ಪತ್ತು ವರ್ಷ ಯಾರು ಕಟ್ಟಿದ್ದು ಅಂತ ನಿಮ್ಮ ಹುಡುಗರನ್ನೇ ಕೇಳಿ."

"ಹುಡುಗರ ಮಾತು ಫೈಲಾಗಲ್ಲ. ಸುಮ್ನೆ ಯಾಕೆ ಲೈಸನ್ಸ್ ತಲೆನೋವು? ನಮ್ಮಲ್ಲೇ ಇರಿ. ಇಲ್ಲಿ ನೀವೇ ರಾಣಿ."

"ರಾಣಿಗೆ ಗಂಟೆ ಲೆಕ್ಕದ ಸಂಬಳ ಎಲ್ಲಿ ಕೊಡ್ತಾರೆ ಸ್ವಾಮಿ?" ಎಂದು ಒಲೀಟಾ ಎದ್ದಳು. ಮರುದಿನ ಆರು ಗಂಟೆಗೆ ಅವಳು ಹೋಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ನವೆಂಬರಿನಲ್ಲಿ ಕೌಂಟಿಯವರು ಕೇಳಿದಾಗಲೂ ಲಾಸ್ಕರ್ ಅವಳು ಬರೀ ಹೆಲ್ಪರ್ ಎಂದೇ ಬರೆದುಕೊಟ್ಟ. ಪುರಾವೆ ಅರೆಬರೆ ಇದ್ದವರು ಲೈಸನ್ಸ್ ಬೋರ್ಡಿನ ಮುಂದೆ ಖುದ್ದಾಗಿ ಬಂದು ಹೇಳಿಕೊಳ್ಳಬಹುದು ಎಂದು ಕೌಂಟಿಯವರು ತಿಳಿಸಿದರು. ಫೆಬ್ರವರಿಯ ಮೂರನೆಯ ಗುರುವಾರ. ಅಲ್ಲಿಯವರೆಗೆ ಅವಳು ಒಂದು ಸ್ಕ್ರೂ ತಿರುಗಿಸಿದರೂ ಅಪರಾಧ. ಅದರಲ್ಲೂ ಮಿಲ್ಟನ್ ಚಂಡಮಾರುತ ಬಂದು ಮೂರು ತಿಂಗಳೂ ಆಗಿರಲಿಲ್ಲ. ಗಾಳಿಯ ನಂತರದ ದಿನಗಳಲ್ಲಿ ಲೈಸನ್ಸ್ ಇಲ್ಲದೆ ಕಟ್ಟಿದವರನ್ನು ನೇರ ಜೈಲಿಗೆ ಕಳಿಸುತ್ತಾರೆ, ಏಕೆಂದರೆ ಉರಿಯುವ ಮನೆಯಲ್ಲಿ ಗಳ ಹಿರಿಯಲು ಎಲ್ಲೆಲ್ಲಿಂದಲೋ ಜನ ಬಂದಿರುತ್ತಾರೆ.

ಜನವರಿಯ ಒಂದು ಬೆಳಿಗ್ಗೆ ಹಿಲ್ಡೆಗಾರ್ಡ್ ಫೈಫರಳ ಫೋನು ಬಂತು. ಹೆರಾನ್ ಪಾರ್ಕಿನಲ್ಲಿ ಒಂಟಿಯಾಗಿರುವ ಎಂಬತ್ತೊಂದರ ಮುದುಕಿ. ಒಹಾಯೊದಲ್ಲಿ ನಲವತ್ತು ವರ್ಷ ಮದುವೆಯ ಗೌನು ಹೊಲಿದು, ಮೊಣಕಾಲು ಚಳಿ ತಡೆಯದಾದಾಗ ಇಲ್ಲಿಗೆ ಬಂದವಳು. ಆ ಪಾರ್ಕಿನಲ್ಲಿ ಇರುವುದೆಲ್ಲ ಲಾರಿಯ ಹಿಂದೆ ಎಳೆದು ತಂದು ನಿಲ್ಲಿಸಿದ ತಗಡಿನ ಮನೆಗಳು. ಆದರೆ ಕೆಳಗಿನ ಜಾಗ ಅವರವರ ಸ್ವಂತದ್ದು.

"ಬಾ ಮಗಳೇ, ನಿನ್ನ ಜಗಲಿ ಏನ್ ಮಾಡಿದೆ ನೋಡ್ ಬಾ," ಎಂದಳು ಹಿಲ್ಡಿ.

ಒಲೀಟಾ ಹೋಗಿ ನೋಡಿದಳು. ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಇರ್ಮಾ ಆದ ಮೇಲೆ ಆ ಜಗಲಿ ಕಟ್ಟಿದ್ದು ಅವಳೇ. ತಗಡಿನ ಮನೆಗೆ ಜಗಲಿಯನ್ನು ತಗುಲಿಹಾಕಬಾರದು. ಮನೆಯ ಪಕ್ಕದಲ್ಲಿಯೂ ಒಂದು ಸಾಲು ಕಂಬ ನೆಟ್ಟು, ಜಗಲಿ ತನ್ನ ಕಾಲ ಮೇಲೆ ತಾನೇ ನಿಲ್ಲುವಂತೆ ಮಾಡಬೇಕು. ಅದಕ್ಕೆ ಈ ಕಸುಬಿನಲ್ಲಿ ನಾಲ್ಕನೆಯ ಗೋಡೆ ಎನ್ನುತ್ತಾರೆ. ಆದರೆ ಆ ಸಾಲಿನ ಗುಂಡಿ, ಕಾಂಕ್ರೀಟು, ಒಂದು ದಿನದ ಕೂಲಿ ಎಲ್ಲ ಉಳಿಯುತ್ತದೆಂದು ಊರಿನ ಹಳೆಯ ಕೈಗಳೆಲ್ಲ ತೊಲೆಯನ್ನು ಮನೆಯ ಗೋಡೆಗೇ ಸ್ಕ್ರೂ ಹೊಡೆದುಬಿಡುತ್ತಿದ್ದವು. ಹಾರ್ಲನ್ ಕಿಟಕಿಯಿಂದ ಬೆರಳು ತೋರಿಸಿದ್ದ, ಒಲೀಟಾ ಹೊಡೆದಿದ್ದಳು. ಈಗ ಮಿಲ್ಟನ್ ಜಗಲಿಯನ್ನು ಎಳೆದಿತ್ತು, ಜಗಲಿ ಗೋಡೆಯನ್ನು ಎಳೆದಿತ್ತು. ಹಿಲ್ಡಿಯ ಅಡುಗೆಮನೆಗೆ ನೀಲಿ ಟಾರ್ಪಾಲು ಹೊದಿಸಿದ್ದರು.

"ಹಿಲ್ಡಿ, ತಪ್ಪು ನಂದು," ಎಂದಳು ಒಲೀಟಾ.

"ಗೊತ್ತು. ಅದಕ್ಕೇ ನಿನ್ನ ಕರೆದದ್ದು. ಗೋಡೆಗೆ ಇನ್ಶೂರೆನ್ಸ್‌ನೋರು ಜನ ಕಳಿಸ್ತಾರಂತೆ, ಜಗಲಿಗೆ ಇಲ್ವಂತೆ. ನಿನ್ನ ಹಳೇ ಕಂಪನಿಯೋನು ಬಂದಿದ್ದ, ಆ ಲಾಸ್ಕರ್. ಅವನು ಕೇಳಿದ ರೇಟಿಗೆ ಇಲ್ಲಿ ಇನ್ನೊಂದು ಮನೇನೇ ಬರುತ್ತೆ."

"ನಾನು ಮುಟ್ಟೋ ಹಾಗಿಲ್ಲ. ಲೈಸನ್ಸ್ ಬಂದಿಲ್ಲ. ಮುಟ್ಟಿದ್ರೆ ಬರೋದೂ ಇಲ್ಲ."

"ನೀನು ಮುಟ್ಟು ಅಂತ ಯಾರಂದ್ರು? ನಾನು ಮುಟ್ತೀನಿ. ಬಾಯಿ ಆಡ್ಸೋಕೂ ಲೈಸನ್ಸ್ ಬೇಕಾ?"

ಕಾನೂನಿನ ಭಾಗದಲ್ಲಿ ಎರಡು ಸಲ ಡುಮ್ಕಿ ಹೊಡೆದವಳಿಗೆ ಕಾನೂನು ಚೆನ್ನಾಗಿ ನೆನಪಿರುತ್ತದೆ. ಮನೆಯ ಯಜಮಾನಿ ತನ್ನ ವಾಸದ ಮನೆಗೆ ತಾನೇ ಕೈಯಾರೆ ಕಟ್ಟಿಕೊಳ್ಳುವುದಾದರೆ ಲೈಸನ್ಸ್ ಬೇಡ, ಪರ್ಮಿಟ್ ಮಾತ್ರ ಬೇಕು. ಲೈಸನ್ಸ್ ಇಲ್ಲದವರನ್ನು ಕೂಲಿಗೆ ಕರೆದರೆ ಮಾತ್ರ ಇಬ್ಬರಿಗೂ ಕುತ್ತು. ಒಲೀಟಾ ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಷರತ್ತು ಹೇಳಿದಳು. ಒಂದು ಕಾಸೂ ಬೇಡ. ಒಂದು ಸ್ಕ್ರೂವನ್ನೂ ಮುಟ್ಟುವುದಿಲ್ಲ. ಮನೆಯ ಪಕ್ಕ ನಾಲ್ಕು ಕಂಬ ನೆಡಲೇಬೇಕು.

ಕೌಂಟಿಯ ಕೌಂಟರಿನಲ್ಲಿ ಹಿಲ್ಡಿ ಭೂತಗನ್ನಡಿ ಹಿಡಿದು, ಯಜಮಾನಿಯ ಹೊಣೆಗಾರಿಕೆಯ ಎರಡು ಪುಟವನ್ನು ಗಟ್ಟಿಯಾಗಿ ಓದಿ, ಸಾಲಿನಲ್ಲಿ ನಿಂತಿದ್ದವರೆಲ್ಲ ಆಕಳಿಸುವವರೆಗೆ ಓದಿ, ಸಹಿ ಹಾಕಿದಳು.

"ಕಟ್ಟೋರು ಯಾರು ಅಜ್ಜಿ? ನೀವೇನಾ?" ಎಂದಳು ಗುಮಾಸ್ತೆ.

"ಯಾಕೆ, ಕೈ ಕಾಣ್ತಿಲ್ವಾ?"

ಸಹಾಯಕ್ಕೆ ಅಕ್ಕಪಕ್ಕದ ಮನೆಗಳ ಇಬ್ಬರು ಬಂದರು. ಕೆನಡಾದ ಕ್ವಿಬೆಕ್ಕಿನಿಂದ ಪ್ರತಿ ಚಳಿಗಾಲ ಬರುವ ಆರ್ಮಾನ್, ಬೇಕರಿ ನಡೆಸಿ ನಿವೃತ್ತನಾದವನು, ಎಪ್ಪತ್ತಾರು. ಮಿಷಿಗನ್ನಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ವೈನೋನಾ, ಎಪ್ಪತ್ತೆರಡು, ಗುಂಪಿನ ಯುವತಿ. ಮೂವರ ವಯಸ್ಸು ಸೇರಿಸಿದರೆ ಅಮೆರಿಕ ದೇಶದ ವಯಸ್ಸಿಗೆ ಹತ್ತಿರ ಬರುತ್ತಿತ್ತು.

ಒಲೀಟಾ ಹುಲ್ಲಿನ ಮೇಲೆ ಮಡಚುವ ಕುರ್ಚಿ ಹಾಕಿ ಕುಳಿತಳು. ಅಯ್ಯೋ, ಆ ಕುಳಿತುಕೊಳ್ಳುವುದಿದೆಯಲ್ಲ! ಅವಳ ಇಪ್ಪತ್ತು ವರ್ಷದ ದುಡಿಮೆಯಲ್ಲಿ ಅಷ್ಟು ಕಷ್ಟದ ಕೆಲಸ ಇರಲಿಲ್ಲ. ವೈನೋನಾ ಡ್ರಿಲ್ ಹಿಡಿದ ರೀತಿ ನೋಡಿದರೆ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಮೊದಲ ದಿನವೇ ಮೂರು ಸಲ ಎದ್ದು ನಿಂತಳು. ಕೊನೆಗೆ ಹಿಲ್ಡಿ ಒಳಗಿನಿಂದ ಉಣ್ಣೆಯ ಉಂಡೆ, ಎರಡು ಹೆಣಿಗೆ ಕಡ್ಡಿ ತಂದು ಅವಳ ಮಡಿಲಿಗೆ ಹಾಕಿದಳು.

"ಕೈಗೆ ಕೆಲಸ ಇದ್ರೆ ಬುದ್ಧಿ ಸರಿಯಿರುತ್ತೆ. ಮಫ್ಲರ್ ಹೆಣಿ."

"ಫ್ಲೋರಿಡಾದಲ್ಲಿ ಮಫ್ಲರಾ?"

"ಹೆಣಿ ಅಂದೆ, ಹಾಕ್ಕೋ ಅನ್ಲಿಲ್ಲ."

ಹೀಗೆ ಜಗಲಿ ಏಳತೊಡಗಿತು. ಆರ್ಮಾನ್ ಗುಂಡಿಗೆ ಕಾಂಕ್ರೀಟು ಕಲಸಿದ. ಹಿಟ್ಟು ನಾದಿದಂತೆಯೇ ನಾದಿ, ಬೆರಳಿನಿಂದ ಮುಟ್ಟಿ ನೋಡಿ, "ಇನ್ನೊಂದ್ ಲೋಟ ನೀರು ಸಾಕು" ಎನ್ನುತ್ತಿದ್ದ. ಒಲೀಟಾ ದೂರದಿಂದಲೇ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಬೇಕಾಯಿತು. ಕಾಂಕ್ರೀಟಿಗೆ ತಾಗುವ ಅಲ್ಯೂಮಿನಿಯಂಗೆ ಬಣ್ಣ ಬಳಿಯದಿದ್ದರೆ ಅದು ಒಳಗೊಳಗೇ ತಿಂದುಹೋಗುತ್ತದೆ ಎಂದು ಹೇಳಿದ ಮೇಲೆ ವೈನೋನಾ ಮೂರು ಸಲ ಬಳಿದಳು. ಎರಡು ತುಂಡು ಸೇರಿಸಿ ತೊಲೆ ಮಾಡುವಾಗ ತುದಿಯಿಂದ ಆರು ಇಂಚಿಗೆ ಮೊದಲ ಸ್ಕ್ರೂ, ಆಮೇಲೆ ಎರಡಡಿಗೊಂದು, ಮೇಲೂ ಕೆಳಗೂ. ಹಿಲ್ಡಿ ಅದನ್ನು ಟೇಪು ಹಿಡಿದು ಸೀಸದಕಡ್ಡಿಯಲ್ಲಿ ಗುರುತು ಮಾಡಿಯೇ ಹೊಡೆದದ್ದು. "ಗೌನಿಗೆ ಗುಂಡಿ ಇಡೋ ಹಾಗೆ" ಎಂದಳು. ಒಲೀಟಾಳ ಹಳೆಯ ಗುಂಪು ಎರಡು ದಿನದಲ್ಲಿ ಮುಗಿಸುತ್ತಿದ್ದ ಕೆಲಸ ಇಲ್ಲಿ ನಾಲ್ಕು ವಾರ ಹಿಡಿಯಿತು. ಮಧ್ಯಾಹ್ನ ಮೂವರಿಗೂ ನಿದ್ದೆ ಬೇಕಿತ್ತು, ಆರ್ಮಾನನಿಗೆ ಬೆನ್ನಿನ ಮುಲಾಮು ಬೇಕಿತ್ತು.

ತೊಲೆ ಏರಿಸುವ ದಿನ ಮಾತ್ರ ಒಂದು ಎಡವಟ್ಟಾಯಿತು. ಆರ್ಮಾನ್ ಏಣಿಯ ಮೇಲಿದ್ದ. ಕೆಳಗೆ ಹಿಲ್ಡಿ ಹಿಡಿದಿದ್ದ ತುದಿ ಜಾರಿ, ತೊಲೆ ವಾಲಿತು. ಒಲೀಟಾ ಕಡ್ಡಿ, ಉಣ್ಣೆ ಎಲ್ಲ ಎಸೆದು ಎರಡು ಕೈ ಚಾಚಿ ಓಡಿದಳು. ಇನ್ನೇನು ಒಂದು ಗೇಣು.

"ಒಲೀಟಾ! ಕೈ!" ಎಂದು ಹಿಲ್ಡಿ ಕಿರುಚಿದಳು.

ಒಲೀಟಾ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಅಲ್ಯೂಮಿನಿಯಂ ಹಗುರ, ಪುಣ್ಯ. ತೊಲೆ ಆರ್ಮಾನನ ಹೆಗಲ ಮೇಲೆ ಮೆಲ್ಲಗೆ ಒರಗಿತು. ಅವನು ಫ್ರೆಂಚಿನಲ್ಲಿ ಏನೋ ಬೈದ. ಯಾರಿಗೂ ಅರ್ಥವಾಗಲಿಲ್ಲವಾದ್ದರಿಂದ ಯಾರಿಗೂ ಬೇಸರವಾಗಲಿಲ್ಲ. ಆದರೆ ಆ ಗಳಿಗೆಯಲ್ಲೇ ರಸ್ತೆಯಲ್ಲಿ ಒಂದು ಬಿಳಿ ಟ್ರಕ್ಕು ನಿಂತಿತ್ತು. ಅದರೊಳಗಿಂದ ಲಾಸ್ಕರ್ ಒಂದು ಫೋಟೊ ತೆಗೆದ. ಒಂದು ವಾರದ ನಂತರ ಒಲೀಟಾಗೆ ಕೌಂಟಿಯಿಂದ ಪತ್ರ ಬಂತು. ಲೈಸನ್ಸ್ ಇಲ್ಲದೆ ಕಟ್ಟಡ ಕಟ್ಟುತ್ತಿದ್ದಾಳೆಂದು ದೂರು. ಅವಳ ಅರ್ಜಿ ಬೋರ್ಡಿನ ಮುಂದೆ ಬರುವ ದಿನವೇ ಅದರ ವಿಚಾರಣೆಯೂ ನಡೆಯುತ್ತದೆ.

ಅವಳು ಪತ್ರವನ್ನು ಓದಿ ಮೇಜಿನ ಮೇಲಿಟ್ಟು, ತನ್ನ ಕೈಗಳನ್ನು ನೋಡಿಕೊಂಡಳು. ಮುಟ್ಟಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮುಟ್ಟದೆಯೇ ಕಳ್ಳಿ ಅನ್ನಿಸಿಕೊಳ್ಳುವುದಿದೆಯಲ್ಲ, ಅದು ಮೈಯನ್ನೆಲ್ಲ ಸುಟ್ಟಿತು. ದೂರು ನಿಜವೆಂದಾದರೆ ಈ ಜನ್ಮದಲ್ಲಿ ಆ ಕೌಂಟಿಯಲ್ಲಿ ಅವಳಿಗೆ ಲೈಸನ್ಸ್ ಸಿಗುತ್ತಿರಲಿಲ್ಲ.

ಗುರುವಾರ ಬೋರ್ಡಿನ ಕೋಣೆಯಲ್ಲಿ ಎತ್ತರದ ಮೇಜಿನ ಹಿಂದೆ ಐವರು ಕುಳಿತಿದ್ದರು. ಅಧ್ಯಕ್ಷ ರೋಸ್ಕೋ ಡಿಲ್ಲಾರ್ಡ್ ನಲವತ್ತು ವರ್ಷ ಪೈಪು ಜೋಡಿಸಿದ ಪ್ಲಂಬರ್. ಕಿವಿ ಮಂದ, ಕಣ್ಣು ಚುರುಕು. ಹೆರಾನ್ ಪಾರ್ಕಿನ ವ್ಯಾನು ತುಂಬ ಮುದುಕರು ಬಂದು ಮುಂದಿನ ಎರಡು ಸಾಲು ಹಿಡಿದಿದ್ದರು. ಒಲೀಟಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದಳು. ಮಾತಾಡುವವರೆಲ್ಲರಿಂದ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು.

ಲಾಸ್ಕರ್ ಫೋಟೊ ಕೊಟ್ಟ. ಐವರೂ ಅದರ ಮೇಲೆ ಬಗ್ಗಿದರು. ಡಿಲ್ಲಾರ್ಡ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಕೈಗೂ ತೊಲೆಗೂ ಮಧ್ಯೆ ಜಾಗ ಇದೆಯಲ್ಲಪ್ಪ."

"ಮುಂದಿನ ಕ್ಷಣ ಹಿಡಿದಿದ್ದಾಳೆ, ಸರ್."

"ಮುಂದಿನ ಕ್ಷಣದ ಫೋಟೊ ಎಲ್ಲಿ?"

ಅದು ಇರಲಿಲ್ಲ. ಕೌಂಟಿಯ ಕಟ್ಟಡ ತಪಾಸಣೆಯ ಇನ್‌ಸ್ಪೆಕ್ಟರ್ ಗ್ಯಾಸ್ಕಿನ್ಸ್‌ನನ್ನು ಕರೆದರು. ಗುಂಡಿ ನೋಡಲು ಒಮ್ಮೆ, ಚೌಕಟ್ಟು ನೋಡಲು ಒಮ್ಮೆ, ಕೊನೆಗೊಮ್ಮೆ, ಒಟ್ಟು ಮೂರು ಸಲ ಹೇಳದೆ ಕೇಳದೆ ಹೋಗಿದ್ದೆ ಎಂದ ಅವನು. "ಮೂರು ಸಲಾನೂ ಮಿಸ್ ಒಲೀಟಾ ಕುರ್ಚೀಲಿ ಕೂತು ಹೆಣೀತಿದ್ರು."

"ಏನ್ ಹೆಣೀತಿದ್ರು?"

"ಅದು ಇನ್ನೂ ಗೊತ್ತಾಗಿಲ್ಲ ಸರ್."

ಮುಂದಿನ ಸಾಲಿನಲ್ಲಿ ನಗೆಯೆದ್ದಿತು. ಜಗಲಿ ಹೇಗಿದೆ ಎಂದು ಡಿಲ್ಲಾರ್ಡ್ ಕೇಳಿದ. ಮೂರು ತಪಾಸಣೆಯೂ ಮೊದಲ ಸಲಕ್ಕೇ ಪಾಸು, ಈ ಗಾಳಿಯಾದ ಮೇಲೆ ನಾನು ನೋಡಿದ ಅತಿ ಅಚ್ಚುಕಟ್ಟಾದ ಜಗಲಿ ಅದು ಎಂದ ಗ್ಯಾಸ್ಕಿನ್ಸ್. ಲಾಸ್ಕರ್ ಎದ್ದು, "ಎಂಬತ್ತೊಂದು ವರ್ಷದ ಹೆಂಗಸು ಕಟ್ಟಿದ್ದು ಅಂತ ನಂಬ್ತೀರಾ?" ಎಂದ.

ಹಿಲ್ಡಿ ಯಾರೂ ಕರೆಯದೆಯೇ ಕೋಲೂರಿ ಎದ್ದಳು. "ಕಟ್ಟಿದ್ದು ನಾನು. ನನ್ನನ್ನ ಕೇಳಿ."

ಬೋರ್ಡಿನಲ್ಲಿದ್ದ ಕಂಟ್ರಾಕ್ಟರ್ ಒಬ್ಬ ಕೀಟಲೆಗೆಂದೇ, "ತೊಲೆಗೆ ಸ್ಕ್ರೂ ಎಷ್ಟು ದೂರಕ್ಕೆ ಹಾಕಿದ್ರಿ ಮ್ಯಾಮ್?" ಎಂದು ಕೇಳಿದ. ಹಿಲ್ಡಿ ತಡವರಿಸದೆ ಹೇಳಿದಳು, ತುದಿಯಿಂದ ಆರು ಇಂಚು, ಆಮೇಲೆ ಎರಡಡಿ. ಮನೆ ಗೋಡೆಗೆ ಯಾಕೆ ಹೊಡೆಯಲಿಲ್ಲ ಎಂದು ಕೇಳಿದ. "ಹೊಡೆದ್ರೆ ಗಾಳಿ ಬಂದಾಗ ಗೋಡೇನೂ ಕರ್ಕೊಂಡು ಹೋಗುತ್ತೆ. ಹೋದ ಸಲ ಹೋಯ್ತಲ್ಲ. ಜಗಲಿ ಅದರ ಕಾಲ ಮೇಲೆ ಅದು ನಿಲ್ಬೇಕು." ಜಾಲರಿಯ ಪ್ರಶ್ನೆ ಬಂದಾಗ ಅವಳು, ಎಡದಿಂದ ಎಳೆಯಬೇಕೋ ಬಲದಿಂದಲೋ ಎಂಬುದರ ಬಗ್ಗೆ ಅವನಿಗೇ ಪಾಠ ಶುರುಮಾಡಿದಳು. ಕಂಟ್ರಾಕ್ಟರ್ ಟಿಪ್ಪಣಿ ಬರೆದುಕೊಳ್ಳತೊಡಗಿದ್ದನ್ನು ನಾಲ್ಕು ಜನ ನೋಡಿದರು.

ಬೋರ್ಡಿನಲ್ಲಿ ವಕೀಲಳೊಬ್ಬಳಿದ್ದಳು. ಅವಳು ಒಲೀಟಾಳನ್ನು ಕೇಳಿದಳು. "ಇದಕ್ಕೆ ನೀವು ಏನಾದ್ರೂ ಪ್ರತಿಫಲ ತಗೊಂಡ್ರಾ?"

ಒಲೀಟಾ ಪ್ರಮಾಣ ಮಾಡಿದ್ದಳು. "ತಿಂದೆ ಮ್ಯಾಮ್."

"ಏನು?"

"ಮಧ್ಯಾಹ್ನ ಸ್ಯಾಂಡ್‌ವಿಚ್. ಶುಕ್ರವಾರ ನಿಂಬೆ ಪೈ. ಎರಡು ತುಂಡು." ಸ್ವಲ್ಪ ತಡೆದು, "ಕೊನೇ ಶುಕ್ರವಾರ ಮೂರು," ಎಂದಳು.

ವಕೀಲಳು ಪೆನ್ನು ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು.

ಕೋಣೆ ತನ್ನ ಕೈ ತಪ್ಪುತ್ತಿರುವುದು ಲಾಸ್ಕರ್‌ಗೆ ಕಂಡಿತು. ಸುಮ್ಮನೆ ಕುಳಿತಿದ್ದರೆ ಅವನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಇಂಥವರಿಗಾಗಿಯೇ ಹುಟ್ಟಿದ ಮಾತು.

"ಇವರೇನು ಹೆಣಿಗೆ ಹೆಣೆಯೋ ನೆರೆಮನೆಯೋರಲ್ಲ!" ಎಂದು ಅವನು ಮೇಜು ಗುದ್ದಿದ. "ನೀವೆಲ್ಲ ಮೋಸ ಹೋಗ್ತಿದ್ದೀರಿ. ಈಕೆ ಇಪ್ಪತ್ತು ವರ್ಷ ನಮ್ಮ ಕಂಪನೀಲಿ ಇದ್ದೋಳು, ಅದ್ರಲ್ಲಿ ಹದಿನೈದು ವರ್ಷ ಮೇಸ್ತ್ರಿ! ಆರುನೂರು ಜಗಲಿ ಕಟ್ಟಿಸಿದ್ದಾಳೆ. ನಮ್ಮ ಹುಡುಗರಿಗೆಲ್ಲ ಕೆಲಸ ಕಲಿಸಿದ್ದೇ ಈಕೆ. ಹಾರ್ಲನ್ ಟ್ರಕ್ಕಿಂದ ಇಳೀತಾನೇ ಇರ್ಲಿಲ್ಲ. ಇಂಥೋಳು ಪಕ್ಕದಲ್ಲಿ ಕೂತ್ಕೊಂಡು ಹೇಳಿದ್ರೆ ಕಟ್ಟಿದ್ದು ಮುದುಕಿಯಾ, ಈಕೇನಾ?"

ಡಿಲ್ಲಾರ್ಡ್ ಕಿವಿಯ ಯಂತ್ರವನ್ನು ಸರಿಮಾಡಿಕೊಂಡ.

"ನಂಗೆ ಕಿವಿ ಸ್ವಲ್ಪ ಮಂದ. ಅದನ್ನ ಬರ್ಕೊಂಡ್ರಾ?" ಎಂದು ದಾಖಲೆ ಬರೆಯುವವಳನ್ನು ಕೇಳಿದ.

"ಪೂರ್ತಿ ಬರ್ಕೊಂಡಿದ್ದೀನಿ ಸರ್."

"ಓದಮ್ಮ."

ಅವಳು ಓದಿದಳು. ಹದಿನೈದು ವರ್ಷ ಮೇಸ್ತ್ರಿ. ಆರುನೂರು ಜಗಲಿ. ಹುಡುಗರಿಗೆಲ್ಲ ಕಲಿಸಿದ್ದು ಈಕೆಯೇ. ಭಾವವಿಲ್ಲದ ದನಿಯಲ್ಲಿ, ದಿನಸಿ ಚೀಟಿ ಓದಿದಂತೆ ಓದಿದಳು. ಆದರೆ ಒಲೀಟಾ ತನ್ನ ಬದುಕಿನಲ್ಲಿ ಅದಕ್ಕಿಂತ ಇಂಪಾದದ್ದನ್ನು ಕೇಳಿರಲಿಲ್ಲ. ಇಪ್ಪತ್ತು ವರ್ಷ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಅವಳ ಶತ್ರು ಪ್ರಮಾಣ ಮಾಡಿ ಹೇಳಿದ್ದ. ಕಣ್ಣು ತುಂಬಿ ಬಂದು ಅವಳು ತಲೆ ತಗ್ಗಿಸಿದಳು.

"ಮಿಸ್ಟರ್ ಲಾಸ್ಕರ್," ಎಂದ ಡಿಲ್ಲಾರ್ಡ್, ಕಡತದಿಂದ ಒಂದು ಹಾಳೆ ಎತ್ತಿ ಹಿಡಿದು. "ಈಕೆಯ ಅನುಭವಕ್ಕೆ ದಾಖಲೆ ಇಲ್ಲ, ಈಕೆ ಬರೀ ಹೆಲ್ಪರ್ ಅಂತ ನವೆಂಬರ್‌ನಲ್ಲಿ ನೀವೇ ಬರೆದುಕೊಟ್ಟಿದ್ದೀರಿ. ಈಗ ಕೈ ಎತ್ತಿ ಪ್ರಮಾಣ ಮಾಡಿ ಹೀಗೆ ಹೇಳ್ತಿದ್ದೀರಿ. ಯಾವುದು ಸುಳ್ಳು?"

ತಾನು ತೋಡಿದ ಗುಂಡಿ ಎಷ್ಟು ಆಳವೆಂದು ಲಾಸ್ಕರ್‌ಗೆ ಆಗ ಗೊತ್ತಾಗಿರಬೇಕು. ಕೊನೆಗೆ, "ಪ್ರಮಾಣ ಮಾಡಿ ಹೇಳಿದ್ದು ನಿಜ" ಎಂದು ಗೊಣಗಿದ. ಬೇರೆ ದಾರಿಯಿರಲಿಲ್ಲ.

"ಹಾಗಾದ್ರೆ ಅನುಭವದ ಪುರಾವೆ ಸಿಕ್ಕಿತು. ಬೋರ್ಡು ನಿಮಗೆ ಋಣಿ." ಡಿಲ್ಲಾರ್ಡ್ ಒಲೀಟಾಳ ಕಡೆ ತಿರುಗಿದ. "ಒಂದೇ ಪ್ರಶ್ನೆ ಮಿಸ್ ಒಲೀಟಾ. ನಾಳೆ ಲೈಸನ್ಸ್ ಬಂತು ಅನ್ನಿ. ಜಗಲಿ ಕಟ್ತಿದ್ದೀರಿ. ಮನೆಯಮ್ಮ, ಹೇಗೂ ಇದ್ದೀರಲ್ಲ, ಒಂದು ಫ್ಯಾನಿಗೆ ವೈರ್ ಎಳೆದುಬಿಡಿ ಅಂತಾಳೆ. ಏನ್ಮಾಡ್ತೀರಿ?"

"ಎಲೆಕ್ಟ್ರಿಷಿಯನ್ ಫೋನ್ ನಂಬರ್ ಕೊಡ್ತೀನಿ ಸರ್. ಕಂಬ, ತೊಲೆ, ಜಾಲರಿ, ಸೂರು, ಕೆಳಗಿನ ಕಾಂಕ್ರೀಟು, ಇಷ್ಟು ನಂದು. ವೈರು ಅವನ್ದು, ಪೈಪು ನಿಮ್ದು. ಮನೆಗೋಡೆ ಯಾರ್ದೋ, ಅದನ್ನಂತೂ ಇನ್ನು ಜನ್ಮದಲ್ಲಿ ಮುಟ್ಟಲ್ಲ."

ದೂರು ವಜಾ. ಲೈಸನ್ಸ್ ಪರವಾಗಿ ಐದು ಕೈ ಎದ್ದವು, ಆರನೆಯದಾಗಿ ಹಿಲ್ಡಿಯದೂ ಎದ್ದಿತು. ನಿಮಗೆ ಮತವಿಲ್ಲ ಎಂದು ಡಿಲ್ಲಾರ್ಡ್ ಹೇಳಿದರೂ ಅವಳು ಇಳಿಸಲಿಲ್ಲ. ಆರ್ಮಾನ್ ಒಲೀಟಾಳ ಎರಡೂ ಕೆನ್ನೆಗೆ ಮುತ್ತಿಟ್ಟ. ವೈನೋನಾ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಕೂಗುತ್ತಿದ್ದ ದನಿಯಲ್ಲಿ ಒಮ್ಮೆ ಕೂಗಿದಳು. ಪಕ್ಕದ ಕಚೇರಿಯವರು ಬಾಗಿಲು ತೆರೆದು ನೋಡಿದರು.

ಲೈಸನ್ಸಿನ ನಂಬರು ಮರುವಾರ ಕೈಗೆ ಬಂತು. ಅದೇ ಬೆಳಿಗ್ಗೆ ಒಲೀಟಾ ಪರ್ಮಿಟ್ ಕೌಂಟರಿಗೆ ಹೋದಳು. ಮನೆಯ ಗೋಡೆಗೆ ತಗುಲಿಹಾಕಿದ್ದ ತನ್ನ ಜಗಲಿಯನ್ನು ಬಿಚ್ಚಿ ಸರಿಯಾಗಿ ಕಟ್ಟಿಕೊಡು ಎಂದು ವೈನೋನಾ ಕೇಳಿದ್ದಳು. ಹೆರಾನ್ ಪಾರ್ಕಿನಲ್ಲಿ ಅಂಥವು ಇನ್ನೂ ಹದಿನೇಳು ಇದ್ದವು. ಸಾಲಿನಲ್ಲಿ ಇವಳ ಮುಂದೆ ಇಬ್ಬರಿದ್ದರು, ಹಿಂದೆ ಹಾರ್ಲನ್‌ನ ಹಳೆಯ ಗುಂಪಿನ ಒಬ್ಬ, ಯುಸೇಬಿಯೊ. ಲಾಸ್ಕರ್‌ನ ಕಾಗದ ಸಲ್ಲಿಸಲು ಬಂದಿದ್ದವನು ಇವಳನ್ನು ಕಂಡು ಟೋಪಿ ತೆಗೆದ. ಗುಮಾಸ್ತೆ ಕಂಪ್ಯೂಟರಿನತ್ತಲೇ ನೋಡುತ್ತ, ವಿಳಾಸ ಕೇಳಿದಳು, ಅಳತೆ ಕೇಳಿದಳು, ಆಮೇಲೆ ಕೇಳಿದಳು.

"ಕಂಟ್ರಾಕ್ಟರ್ ಹೆಸರು?"

"ಹಾರ್ಲನ್ ಪರ್ವಿಸ್," ಎಂದಳು ಒಲೀಟಾ.

ಇಪ್ಪತ್ತು ವರ್ಷದ ಅಭ್ಯಾಸ. ನಾಲಿಗೆ ಅವಳನ್ನು ಕೇಳದೆಯೇ ಹೇಳಿಬಿಟ್ಟಿತ್ತು. ಗುಮಾಸ್ತೆ ಟೈಪು ಮಾಡತೊಡಗಿದಳು. ಹಿಂದೆ ಯುಸೇಬಿಯೊ ಕೆಮ್ಮಿದ. ಒಲೀಟಾಳ ಮುಖಕ್ಕೆ ರಕ್ತ ನುಗ್ಗಿತು, ಆಮೇಲೆ ನಗು ಬಂತು, ತಡೆಯಲಾಗದ ನಗು. ಅವಳು ಕೌಂಟರಿನ ಮೇಲೆ ಎರಡೂ ಕೈ ಊರಿ ಬಗ್ಗಿದಳು.

"ಅಲ್ಲ, ಅಲ್ಲ. ಅಳಿಸಮ್ಮ ಅದನ್ನ. ಅವನು ಸತ್ತುಹೋದ, ಪಾಪ. ಬರ್ಕೋ. ವಿಡನ್. ಒಲೀಟಾ ವಿಡನ್."